ಗೊರಿಲ್ಲಾದ ಭಯ ಬಿಡಿಸಿದವರು, ಬೆಲೆ ತೆತ್ತವರು: ಬ್ವಿಂಡಿ ಕಾಡಿನ ಲೆಕ್ಕ

 

ಇವತ್ತಿನ ಸಂಚಿಕೆಯನ್ನ ಒಂದು ರೇಟಿನಿಂದ ಶುರು ಮಾಡೋಣ. 800 ಡಾಲರ್. ನಮ್ಮ ದುಡ್ಡಲ್ಲಿ ಹೆಚ್ಚೂಕಮ್ಮಿ 70 ಸಾವಿರ ರೂಪಾಯಿ. ಇದನ್ನ ಕೊಟ್ಟರೆ ಏನು ಸಿಗುತ್ತೆ? ಒಂದು ಗಂಟೆ. ಪೂರ್ವ ಆಫ್ರಿಕಾದ ಉಗಾಂಡ ದೇಶದ ನೈಋತ್ಯ ಮೂಲೆಯಲ್ಲಿ ಬ್ವಿಂಡಿ ಅನ್ನೋ ರಾಷ್ಟ್ರೀಯ ಉದ್ಯಾನ ಇದೆ. ಆ ಕಾಡೊಳಗೆ ಒಂದು ಗೊರಿಲ್ಲಾ ಕುಟುಂಬದ ಮುಂದೆ ನಿಂತು ನೋಡೋಕೆ ಒಂದು ಗಂಟೆ. ವಿಮಾನದ ಖರ್ಚು, ಉಳಿದುಕೊಳ್ಳೋ ಖರ್ಚು ಬೇರೆ. ಪಕ್ಕದ ರುವಾಂಡದಲ್ಲಿ ಇದೇ ಒಂದು ಗಂಟೆಗೆ 1500 ಡಾಲರ್.

ನಾನು ಓದಿದ್ದು ಕಾಮರ್ಸ್. ಇಷ್ಟು ದೊಡ್ಡ ಮೊತ್ತ ಕಂಡರೆ ನನ್ನ ತಲೆಗೆ ಮೊದಲು ಬರೋದು ಎರಡೇ ಪ್ರಶ್ನೆ. ಈ ದುಡ್ಡು ಯಾರ ಖಾತೆಗೆ ಜಮಾ ಆಗುತ್ತೆ? ಇದರ ಖರ್ಚು ಯಾರ ಖಾತೆಯಲ್ಲಿ ಬಿದ್ದಿದೆ? ಈ ಎರಡು ಪ್ರಶ್ನೆ ಹಿಡ್ಕೊಂಡು ಹೋದರೆ ನೂರಿಪ್ಪತ್ತು ವರ್ಷಗಳ ಒಂದು ಇತಿಹಾಸ ಬಿಚ್ಚಿಕೊಳ್ಳುತ್ತೆ. ಇದು ಗೆಲುವಿನ ಕಥೆ. ಆದರೆ ಗೆದ್ದ ಖುಷಿಯಲ್ಲಿ ಯಾರೂ ಪೂರ್ತಿ ಓದದ ಬಿಲ್ ಒಂದಿದೆ.

ಯಾವ ಗೊರಿಲ್ಲಾ, ಯಾವ ಕಾಡು

ಮೊದಲು ಒಂದು ಗೊಂದಲ ಬಗೆಹರಿಸ್ಕೊಳ್ಳೋಣ. ಮೈಸೂರು ಮೃಗಾಲಯಕ್ಕೆ ಹೋದವರು ಜರ್ಮನಿಯಿಂದ ಬಂದ ಥಾಬೊ, ಡೆಂಬಾ ಅನ್ನೋ ಎರಡು ಗೊರಿಲ್ಲಾಗಳನ್ನ ನೋಡಿರಬಹುದು. ಅವು ಪಶ್ಚಿಮದ ತಗ್ಗುನಾಡಿನ ಗೊರಿಲ್ಲಾಗಳು. ಇವತ್ತು ನಾವು ಮಾತಾಡ್ತಿರೋದು ಬೆಟ್ಟದ ಗೊರಿಲ್ಲಾ ಬಗ್ಗೆ. ಇದರ ಕೂದಲು ಉದ್ದ, ದಟ್ಟ, ಯಾಕಂದ್ರೆ ಇದು ಬದುಕೋದು ಚಳಿಯಲ್ಲಿ, ಮಂಜಿನಲ್ಲಿ. ಪ್ರಪಂಚದ ಯಾವ ಮೃಗಾಲಯದಲ್ಲೂ ಇದು ಇಲ್ಲ. ಇರೋದು ಎರಡೇ ಕಡೆ. ಒಂದು, ರುವಾಂಡ, ಕಾಂಗೊ, ಉಗಾಂಡ ಮೂರೂ ಸೇರೋ ಜಾಗದ ವಿರುಂಗ ಜ್ವಾಲಾಮುಖಿ ಬೆಟ್ಟಗಳು. ಇನ್ನೊಂದು, ಅದರಿಂದ ಸ್ವಲ್ಪ ಉತ್ತರಕ್ಕಿರೋ ಬ್ವಿಂಡಿ. ಎರಡರ ನಡುವೆ ಈಗ ಕಾಡಿಲ್ಲ, ಹೊಲ ಇದೆ, ಊರಿದೆ. ಅಲ್ಲಿನ ಗೊರಿಲ್ಲಾ ಇಲ್ಲಿಗೆ ಬರೋ ಹಾಗಿಲ್ಲ, ಇಲ್ಲಿನದು ಅಲ್ಲಿಗೆ ಹೋಗೋ ಹಾಗಿಲ್ಲ.

ಬ್ವಿಂಡಿಯ ಪೂರ್ತಿ ಹೆಸರಲ್ಲೇ 'ನುಗ್ಗಲಾಗದ ಕಾಡು' ಅನ್ನೋ ಮಾತು ಸೇರಿದೆ. ವಿಸ್ತೀರ್ಣ ಸುಮಾರು 321 ಚದರ ಕಿಲೋಮೀಟರ್. ಅಂದ್ರೆ 18 ಕಿಲೋಮೀಟರ್ ಉದ್ದ, 18 ಕಿಲೋಮೀಟರ್ ಅಗಲದ ಒಂದು ಚೌಕ ಅಂದ್ಕೊಳ್ಳಿ, ಅಷ್ಟೇ. ಆದರೆ ಅದು ಸಪಾಟಾಗಿಲ್ಲ. ತಗ್ಗಿನಲ್ಲಿ ಸುಮಾರು 1160 ಮೀಟರ್, ಎತ್ತರದಲ್ಲಿ 2607 ಮೀಟರ್. ಕಡಿದಾದ ಗುಡ್ಡ, ಕಾಲಿಗೆ ತೊಡರೋ ಬಳ್ಳಿ, ಜಾರೋ ಮಣ್ಣು. ಕಾಡಿನ ಗಡಿ ಮುಗಿದ ಮರು ಹೆಜ್ಜೆಗೇ ಬಕಿಗ ಜನರ ಹೊಲ ಶುರು. ಬಾಳೆ, ಚಹಾ, ಬೀನ್ಸ್, ಆಲೂಗಡ್ಡೆ. ನಡುವೆ ಖಾಲಿ ಜಾಗ ಅನ್ನೋದೇ ಇಲ್ಲ. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕೊಂದವರು, ಆಮೇಲೆ ಕಾಪಾಡೋಕೆ ಹೊರಟವರು

1902ರ ಅಕ್ಟೋಬರ್. ಆ ಭಾಗ ಆಗ ಜರ್ಮನ್ನರ ವಸಾಹತಿನ ಅಂಚು. ರಾಬರ್ಟ್ ಫಾನ್ ಬೆರಿಂಗೆ ಅನ್ನೋ ಸೇನಾಧಿಕಾರಿ ವಿರುಂಗದ ಸಬಿನ್ಯೊ ಬೆಟ್ಟ ಹತ್ತುವಾಗ ದೊಡ್ಡ ಕಪ್ಪು ವಾನರಗಳನ್ನ ನೋಡಿದ. ನೋಡಿ ಸುಮ್ಮನಾಗಲಿಲ್ಲ, ಗುಂಡು ಹಾರಿಸಿದ. ಎರಡು ಸತ್ತವು. ಅದರಲ್ಲೊಂದರ ಅವಶೇಷ ಬರ್ಲಿನ್‌ಗೆ ಹೋಯ್ತು. ಮುಂದಿನ ವರ್ಷ ವಿಜ್ಞಾನಿಗಳು ಅದಕ್ಕೆ 'ಗೊರಿಲ್ಲಾ ಬೆರಿಂಗೈ' ಅಂತ ಹೆಸರಿಟ್ಟರು. ಕೊಂದವನ ಹೆಸರೇ ಆ ಪ್ರಾಣಿಗೆ ಅಂಟಿಕೊಂಡಿತು.

ನಂತರದ ವರ್ಷಗಳಲ್ಲಿ ಯುರೋಪು, ಅಮೆರಿಕದ ಮ್ಯೂಸಿಯಂಗಳಿಗೆ ಗೊರಿಲ್ಲಾ ಬೇಕಾಯ್ತು. 1921ರಲ್ಲಿ ಕಾರ್ಲ್ ಏಕ್ಲಿ ಅನ್ನೋ ಅಮೆರಿಕನ್ ನ್ಯೂಯಾರ್ಕಿನ ಮ್ಯೂಸಿಯಂಗೆ ಗೊರಿಲ್ಲಾಗಳನ್ನ ಬೇಟೆಯಾಡಿ ತರೋಕೆ ಬಂದ. ತಂದ ಕೂಡ. ಅವನು ಚರ್ಮ ತುಂಬಿ ನಿಲ್ಲಿಸಿದ ಗೊರಿಲ್ಲಾಗಳು ಇವತ್ತಿಗೂ ಅಲ್ಲಿವೆ. ಆದರೆ ಆ ಬೇಟೆಯಾದ ಮೇಲೆ ಅದೇ ಮನುಷ್ಯ ಬೆಲ್ಜಿಯಂ ದೊರೆ ಆಲ್ಬರ್ಟ್‌ಗೆ ಈ ಪ್ರಾಣಿಗಳನ್ನ ಉಳಿಸಬೇಕು ಅಂತ ಒತ್ತಾಯ ಮಾಡೋಕೆ ಶುರು ಮಾಡಿದ. 1925ರಲ್ಲಿ ಬೆಲ್ಜಿಯನ್ ಕಾಂಗೊದಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಇವತ್ತಿನ ವಿರುಂಗ ಅದೇ. ಆಫ್ರಿಕಾದ ಮೊದಲ ರಾಷ್ಟ್ರೀಯ ಉದ್ಯಾನ ಅಂತ ಅದನ್ನ ಕರೀತಾರೆ. ಗಮನಿಸಿ: ಬೇಟೆಗೆ ಬಂದವನೂ ಹೊರಗಿನವನು, ಬೇಲಿ ಹಾಕಿದವನೂ ಹೊರಗಿನವನು. ಅಲ್ಲೇ ಹುಟ್ಟಿ ಬೆಳೆದವರ ಅಭಿಪ್ರಾಯ ಯಾರೂ ಕೇಳಲಿಲ್ಲ.

1959ರಲ್ಲಿ ಜಾರ್ಜ್ ಶಾಲರ್ ಅನ್ನೋ ಯುವ ವಿಜ್ಞಾನಿ ಬಂದ. ಅವನ ಹತ್ತಿರ ಇದ್ದದ್ದು ನೋಟ್‌ಬುಕ್ಕು ಮತ್ತು ತಾಳ್ಮೆ. ಗೊರಿಲ್ಲಾ ಕಂಡವರ ಮೇಲೆ ಬೀಳೋ ರಾಕ್ಷಸ ಅಲ್ಲ, ಹೆಚ್ಚು ಹೊತ್ತು ಸೊಪ್ಪು ತಿಂದ್ಕೊಂಡು, ಮಕ್ಕಳನ್ನ ನೋಡ್ಕೊಂಡು ಇರೋ ಸಂಸಾರಸ್ಥ ಅಂತ ಜಗತ್ತಿಗೆ ತೋರಿಸಿಕೊಟ್ಟ. ವಿರುಂಗದಲ್ಲಿ ಸುಮಾರು 450 ಇರಬಹುದು ಅಂತ ಅವನ ಅಂದಾಜು.

1967ರಲ್ಲಿ ರುವಾಂಡ ಭಾಗಕ್ಕೆ ಬಂದವರು ಡಯಾನ್ ಫಾಸಿ. ಕರಿಸೋಕೆ ಅನ್ನೋ ಸಂಶೋಧನಾ ಶಿಬಿರ ಕಟ್ಟಿ, ಗೊರಿಲ್ಲಾಗಳ ಹತ್ತಿರ ಕೂತು, ಅವು ತಮ್ಮನ್ನ ಒಪ್ಪಿಕೊಳ್ಳೋ ತನಕ ಕಾದರು. ಅವರಿಗೆ ತುಂಬ ಹತ್ತಿರವಾಗಿದ್ದ ಗೊರಿಲ್ಲಾ ಡಿಜಿಟ್. 1977ರ ಡಿಸೆಂಬರ್ 31ರಂದು ಕಳ್ಳಬೇಟೆಗಾರರು ಡಿಜಿಟ್‌ನ ಈಟಿಯಿಂದ ಚುಚ್ಚಿ ಕೊಂದು ತಲೆ, ಕೈ ಕತ್ತರಿಸಿದರು. 1985ರ ಡಿಸೆಂಬರ್‌ನಲ್ಲಿ ಸ್ವತಃ ಫಾಸಿ ಅವರೇ ತಮ್ಮ ಕ್ಯಾಬಿನ್‌ನಲ್ಲಿ ಕೊಲೆಯಾದರು.

ಅಷ್ಟೊತ್ತಿಗೆ ಕಾಡೂ ಕರಗಿತ್ತು. 1969ರ ಹೊತ್ತಿಗೆ ರುವಾಂಡದ ಉದ್ಯಾನದಿಂದ ಸುಮಾರು 10,000 ಹೆಕ್ಟೇರ್ ಕಿತ್ಕೊಂಡು ಪೈರೆತ್ರಮ್ ಬೆಳೆಯೋಕೆ ಕೊಟ್ಟಿದ್ದರು. ಪೈರೆತ್ರಮ್ ಅಂದ್ರೆ ಕೀಟನಾಶಕ ತೆಗೆಯೋ ಬಿಳಿ ಹೂವು. ಸೊಳ್ಳೆ ಬತ್ತಿಯಲ್ಲಿ ಇರೋದು ಇದೇ ಜಾತಿಯ ಸರಕು. 1970ರ ದಶಕದ ಕೊನೆಗೆ ಇನ್ನೂ 5000 ಹೆಕ್ಟೇರ್ ತೆಗೆದು ದನ ಸಾಕೋ ಯೋಜನೆ ಮೇಜಿನ ಮೇಲಿತ್ತು. 1981ರ ಗಣತಿಯಲ್ಲಿ ವಿರುಂಗದಲ್ಲಿ ಸಿಕ್ಕ ಲೆಕ್ಕ 254. ಶಾಲರ್ ಅಂದಾಜಿನಿಂದ ಇಪ್ಪತ್ತೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ.

ಆಗ ಬಿಲ್ ವೆಬರ್, ಏಮಿ ವೆಡರ್ ಅನ್ನೋ ದಂಪತಿ ಸರ್ಕಾರದ ಮುಂದೆ ಒಂದು ಲೆಕ್ಕ ಇಟ್ಟರು. ದನ ಸಾಕಿ ಬರೋ ಆದಾಯಕ್ಕಿಂತ, ಸಣ್ಣ ಸಣ್ಣ ಗುಂಪಲ್ಲಿ ಪ್ರವಾಸಿಗರನ್ನ ಕರ್ಕೊಂಡು ಹೋಗಿ ಗೊರಿಲ್ಲಾ ತೋರಿಸಿದರೆ ಹೆಚ್ಚು ಬರುತ್ತೆ. ಕಾಡೂ ಉಳಿಯುತ್ತೆ. ಈ ಯೋಚನೆ ಫಾಸಿ ಅವರಿಗೆ ಹಿಡಿಸಿರಲಿಲ್ಲ. ಆದರೆ ಸರ್ಕಾರಕ್ಕೆ ಹಿಡಿಸಿತು. ನಾವು ಶುರುವಲ್ಲಿ ಹೇಳಿದ ಆ ಒಂದು ಗಂಟೆಯ ವ್ಯಾಪಾರ ಹುಟ್ಟಿದ್ದು ಹೀಗೆ. ಅದು ರುವಾಂಡದಿಂದ ಗಡಿ ದಾಟಿ ಬ್ವಿಂಡಿಗೆ ಬರೋಕೆ ಇನ್ನೂ ಹತ್ತು ಹನ್ನೆರಡು ವರ್ಷ ಹಿಡಿಯಿತು.

ಗೊರಿಲ್ಲಾ ಹಿಂದೆ ನಡೆಯೋ ಕೆಲಸ

ಬ್ವಿಂಡಿ 1932ರಿಂದಲೇ ಬ್ರಿಟಿಷರ ಕಾಲದ ಮೀಸಲು ಅರಣ್ಯ. ಆದರೆ ಮೀಸಲು ಅಂದ ಮಾತ್ರಕ್ಕೆ ಜನ ಹೊರಗಿರಲಿಲ್ಲ. ಗುಂಡಿ ತೋಡಿ ಮರದ ದಿಮ್ಮಿ ಕೊಯ್ಯೋರು, ಹೊಳೆಯಲ್ಲಿ ಚಿನ್ನ ಸೋಸೋರು, ಜೇನು ಕೀಳೋರು, ಉರುಳು ಹಾಕೋರು, ಎಲ್ಲರೂ ಒಳಗೆ ಓಡಾಡ್ತಿದ್ದರು. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯ್ತು, 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಂದೇ ಆದೇಶದಲ್ಲಿ ಬಾಗಿಲು ಮುಚ್ಚಿತು. ಸುತ್ತಲಿನ ಜನಕ್ಕೆ ಎಷ್ಟು ಸಿಟ್ಟು ಬಂತು ಅಂದ್ರೆ ಕೆಲವರು ಕಾಡಿಗೇ ಬೆಂಕಿ ಇಟ್ಟರು.

ಅದೇ ಸಮಯಕ್ಕೆ ಒಳಗೆ ಇನ್ನೊಂದು ಕೆಲಸ ಶುರುವಾಗಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಹ್ಯಾಬಿಚುಯೇಷನ್ ಅಂತಾರೆ. ನಾವು ಸರಳವಾಗಿ 'ಭಯ ಬಿಡಿಸೋದು' ಅನ್ನೋಣ. ಇದನ್ನ ಮಾಡೋರು ಟ್ರ್ಯಾಕರ್‌ಗಳು, ಅಂದ್ರೆ ಹೆಜ್ಜೆ ಜಾಡು ಹಿಡಿಯೋರು. ಬಹುತೇಕರು ಕಾಡಂಚಿನ ಹಳ್ಳಿಯವರೇ.

ಅವರ ದಿನ ಹೇಗೆ ಅಂತ ಕೇಳಿ. ಬೆಳಗ್ಗೆ ಬೇಗ ಹೊರಡ್ತಾರೆ. ಹೋಗೋದು ಎಲ್ಲಿಗೆ? ನಿನ್ನೆ ಕೊನೆಗೆ ಗೊರಿಲ್ಲಾ ನೋಡಿದ ಜಾಗಕ್ಕೆ. ಅಲ್ಲಿಂದ ಜಾಡು ಹಿಡಿದರೆ ರಾತ್ರಿ ಅವು ಮಲಗಿದ ಗೂಡುಗಳು ಸಿಗ್ತವೆ. ಗೊರಿಲ್ಲಾ ದಿನಾ ಸಂಜೆ ಹೊಸ ಹಾಸಿಗೆ ಮಾಡ್ಕೊಳ್ಳುತ್ತೆ, ಸೊಪ್ಪು, ಕೊಂಬೆ ಬಗ್ಗಿಸಿ. ಪ್ರತಿಯೊಂದಕ್ಕೂ ಪ್ರತ್ಯೇಕ. ಎಳೆ ಮರಿ ಮಾತ್ರ ತಾಯಿ ಜೊತೆ. ಹಾಗಾಗಿ ಗೂಡು ಎಣಿಸಿದರೆ ಎಷ್ಟು ಜನ ಇದ್ದಾರೆ ಅಂತ ಗೊತ್ತಾಗುತ್ತೆ. ನಾನು 'ಜನ' ಅಂದೆ, ಬಿಡಿ, ಟ್ರ್ಯಾಕರ್‌ಗಳೂ ಅವುಗಳನ್ನ ಹೆಸರು ಹಿಡಿದೇ ಕರೀತಾರೆ. ಗೂಡಲ್ಲಿರೋ ಲದ್ದಿ ನೋಡಿದರೆ ದೊಡ್ಡದೋ ಸಣ್ಣದೋ, ಹೊಟ್ಟೆ ಕೆಟ್ಟಿದೆಯೋ ಇಲ್ವೋ ತಿಳಿಯುತ್ತೆ. ಅಲ್ಲಿಂದ ಮುಂದೆ ಬಾಗಿದ ಗಿಡ, ಸಿಪ್ಪೆ ಸುಲಿದು ಬಿಸಾಕಿದ ಕಾಂಡ, ತೇವ ಇನ್ನೂ ಆರದ ಲದ್ದಿ, ಗಂಡಿನ ಮೈಯ ಘಾಟು ವಾಸನೆ. ಇದನ್ನೆಲ್ಲ ಓದ್ಕೊಂಡು ಹೋದರೆ ಗುಂಪು ಸಿಗುತ್ತೆ.

ಇಷ್ಟು ಬರೀ ಪತ್ತೆ ಹಚ್ಚೋ ಭಾಗ. ಭಯ ಬಿಡಿಸೋದು ಇನ್ನೂ ಕಷ್ಟ. ಮನುಷ್ಯರನ್ನ ಕಂಡು ಗೊತ್ತಿಲ್ಲದ ಗುಂಪು ಮೊದಲು ಓಡುತ್ತೆ. ಓಡಿದರೆ ಮರುದಿನ ಮತ್ತೆ ಹೋಗಬೇಕು. ಕೆಲವು ವಾರ ಆದ ಮೇಲೆ ಗುಂಪಿನ ಯಜಮಾನ, ಬೆನ್ನು ಬೆಳ್ಳಗಾದ ಸಿಲ್ವರ್‌ಬ್ಯಾಕ್ ಗಂಡು, ಓಡೋದು ಬಿಟ್ಟು ಎದುರಿಗೇ ನುಗ್ಗುತ್ತೆ. 150 ಕಿಲೋ ಮೀರಿದ ದೇಹ, ಕಿರುಚಿಕೊಂಡು, ಗಿಡ ಮುರಿದು, ನಿಮ್ಮ ಮುಖದ ಹತ್ತಿರಕ್ಕೆ ಬರುತ್ತೆ. ಆಗ ಓಡಬಾರದು. ಕೂರಬೇಕು, ತಲೆ ತಗ್ಗಿಸಬೇಕು, ಸೊಪ್ಪು ತಿನ್ನೋ ಹಾಗೆ ನಟಿಸಬೇಕು, ಅವುಗಳ ಹಾಗೆ ಗಂಟಲಲ್ಲೇ ಮೆತ್ತಗೆ ಹೂಂಕರಿಸಬೇಕು. ಓಡಿದರೆ ಅಲ್ಲಿವರೆಗಿನ ಕೆಲಸ ನೀರಲ್ಲಿ ಹೋಮ. ದಿನಾ ಇದೇ. ಮಳೆ ಬಂದರೂ ಇದೇ. ಸಾಮಾನ್ಯವಾಗಿ ಒಂದು ಗುಂಪಿಗೆ ಎರಡು ಮೂರು ವರ್ಷ ಹಿಡಿಯುತ್ತೆ. ಒಂದು ದಿನ ಆ ಯಜಮಾನ ಇವರನ್ನ ನೋಡಿ, ಮುಖ ತಿರುಗಿಸಿ, ತಿನ್ನೋದು ಮುಂದುವರಿಸುತ್ತೆ. ಕೆಲಸ ಗೆದ್ದ ಗುರುತು ಅದೇ.

ಬ್ವಿಂಡಿಯಲ್ಲಿ ಹೀಗೆ ಮೊದಲು ಪ್ರವಾಸಿಗರಿಗೆ ತೆರೆದುಕೊಂಡ ಗುಂಪು ಮುಬಾರೆ. ಜಾಗ ಬುಹೋಮ, ವರ್ಷ 1993. ಅದರ ಯಜಮಾನ ರುಹೊಂಡೆಜ. ಹೆಸರಿನ ಅರ್ಥ ನಿದ್ದೆಬುರುಕ. ವಯಸ್ಸಾದ ಮೇಲೆ ಗುಂಪನ್ನ ಇನ್ನೊಂದು ಗಂಡಿಗೆ ಬಿಟ್ಟುಕೊಟ್ಟು, ಕೊನೇ ದಿನಗಳನ್ನ ಊರಿನ ಹೊಲಗಳ ಹತ್ತಿರವೇ ಒಂಟಿಯಾಗಿ ಕಳೆದು, 2012ರಲ್ಲಿ ಸತ್ತ. ಊರವರು ಅವನನ್ನ ಓಡಿಸಲಿಲ್ಲ. ಬುಹೋಮದಲ್ಲಿ ಅವನ ಸಮಾಧಿ ಇದೆ.

ಭಯ ಹೋದ ಮೇಲೆ

ಈಗ ನಮ್ಮ ಲೆಕ್ಕದ ಮುಖ್ಯ ಪುಟಕ್ಕೆ ಬರೋಣ. ಕಾಡುಪ್ರಾಣಿಗೆ ಭಯ ಅನ್ನೋದು ದೌರ್ಬಲ್ಯ ಅಲ್ಲ, ಅದರ ವಿಮೆ. ಮನುಷ್ಯರ ವಾಸನೆ ಬಂದರೆ ದೂರ ಹೋಗೋದರಿಂದಲೇ ಅದು ಇಷ್ಟು ದಿನ ಬದುಕಿದ್ದು. ಆ ವಿಮೆಯನ್ನ ನಾವು ರದ್ದು ಮಾಡಿದ ಮೇಲೆ, ಅದು ಕೊಡ್ತಿದ್ದ ರಕ್ಷಣೆಯನ್ನ ನಾವೇ ಕೊಡಬೇಕು. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ. ಆ ಗುಂಪು ಇರೋ ತನಕ, ಅದರ ಮಕ್ಕಳು ಮೊಮ್ಮಕ್ಕಳು ಇರೋ ತನಕ.

1996ರಲ್ಲಿ ಇದರ ಮೊದಲ ಬಿಲ್ ಬಂತು. ಬ್ವಿಂಡಿಯ ಒಂದು ಗುಂಪಿನ ಗೊರಿಲ್ಲಾಗಳು ಮೈ ಕೆರೆದುಕೊಳ್ಳೋಕೆ ಶುರು ಮಾಡಿದವು. ಕೂದಲು ಉದುರ್ತಿತ್ತು, ಚರ್ಮದ ಮೇಲೆ ಬಿಳಿ ಹೊಪ್ಪಳಿಕೆ. ಪರೀಕ್ಷೆ ಮಾಡಿದವರು ಗ್ಲ್ಯಾಡಿಸ್ ಕಲೇಮ-ಜಿಕುಸೋಕ. ಆಗಷ್ಟೇ ಓದು ಮುಗಿಸಿ ಬಂದ ಉಗಾಂಡದ ಹೆಣ್ಣುಮಗಳು, ಅಲ್ಲಿನ ವನ್ಯಜೀವಿ ಇಲಾಖೆಯ ಮೊದಲ ಪಶುವೈದ್ಯೆ. ರೋಗ ಯಾವುದು ಗೊತ್ತಾ? ಕಜ್ಜಿ. ನಮ್ಮಲ್ಲಿ ಮಕ್ಕಳಿಗೆ ಬರೋ ಅದೇ ಕಜ್ಜಿ. ಒಂದು ಮರಿ ಸತ್ತುಹೋಯ್ತು, ಉಳಿದವು ಔಷಧಿ ಕೊಟ್ಟ ಮೇಲೆ ಚೇತರಿಸಿಕೊಂಡವು. ಎಲ್ಲಿಂದ ಬಂತು ಅಂತ ಹುಡುಕಿದರೆ ಗುಮಾನಿ ಹೋಗಿದ್ದು ಹೊಲದ ಬೆದರುಬೊಂಬೆಗಳ ಕಡೆಗೆ. ಭಯ ಬಿಟ್ಟ ಗೊರಿಲ್ಲಾಗಳು ಬಾಳೆಗಿಡ ತಿನ್ನೋಕೆ ಹೊಲಕ್ಕೆ ಬರ್ತಿದ್ದವು. ಬೆದರುಬೊಂಬೆಗೆ ತೊಡಿಸಿದ ಹಳೇ ಬಟ್ಟೆ ಮುಟ್ಟಿ ನೋಡ್ತಿದ್ದವು. ಆ ಬಟ್ಟೆ ಹಾಕ್ಕೊಂಡಿದ್ದ ಮನೆಯಲ್ಲಿ ಕಜ್ಜಿ ಇತ್ತು.

ಗ್ಲ್ಯಾಡಿಸ್ ಇದರಿಂದ ತೆಗೆದುಕೊಂಡ ತೀರ್ಮಾನ ನನಗೆ ಈ ಇಡೀ ಕಥೆಯಲ್ಲಿ ಬಹಳ ಮುಖ್ಯ ಅನ್ಸುತ್ತೆ. ಬರೀ ಗೊರಿಲ್ಲಾಗೆ ಔಷಧಿ ಹಾಕಿದರೆ ಸಾಲದು. ಹಳ್ಳಿಯ ಮನೆಗೆ ಸೋಪು, ಶುದ್ಧ ನೀರು, ಆಸ್ಪತ್ರೆ ಇಲ್ಲದೆ ಹೋದರೆ ಗೊರಿಲ್ಲಾನೂ ಉಳಿಯೋದಿಲ್ಲ. 2003ರಲ್ಲಿ ಅವರು ಕನ್ಸರ್ವೇಷನ್ ಥ್ರೂ ಪಬ್ಲಿಕ್ ಹೆಲ್ತ್ ಅನ್ನೋ ಸಂಸ್ಥೆ ಕಟ್ಟಿದ್ದು ಇದಕ್ಕೇ. ಹಳ್ಳಿಯ ಆರೋಗ್ಯ ಸ್ವಯಂಸೇವಕರು ಮನೆ ಮನೆಗೆ ಹೋಗಿ ಕ್ಷಯ, ಭೇದಿ, ಕೈ ತೊಳೆಯೋದು, ಕುಟುಂಬ ಯೋಜನೆ ಬಗ್ಗೆ ಮಾತಾಡ್ತಾರೆ. ಆಮೇಲೆ ಅಲ್ಲಿನ ರೈತರ ಕಾಫಿಗೆ ಒಳ್ಳೇ ಬೆಲೆ ಸಿಗಲಿ ಅಂತ ಗೊರಿಲ್ಲಾ ಹೆಸರಲ್ಲೇ ಕಾಫಿ ಮಾರೋಕೂ ಶುರು ಮಾಡಿದರು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಉರುಳು ಹಾಕೋಕೆ ಕಾಡಿಗೆ ಹೋಗೋ ಅಗತ್ಯ ಕಮ್ಮಿ, ಅಷ್ಟೇ ಲೆಕ್ಕ.

ಹೊಲಕ್ಕೆ ಬಂದ ಗೊರಿಲ್ಲಾಗಳನ್ನ ಕಲ್ಲು ಹೊಡೆಯದೆ, ಗದ್ದಲ ಮಾಡದೆ ಮೆಲ್ಲಗೆ ವಾಪಸ್ ಕಾಡಿಗೆ ಸಾಗಿಸೋಕೂ ಹಳ್ಳಿಯ ಸ್ವಯಂಸೇವಕರ ತಂಡಗಳಿವೆ. ಬೆಳೆ ಹಾಳಾಗೋದು ಅವರದ್ದೇ, ಕಾಯೋರೂ ಅವರೇ.

ಎರಡನೇ ಬಿಲ್ 1999ರ ಮಾರ್ಚ್ 1ರಂದು. 1994ರ ರುವಾಂಡ ನರಮೇಧ ಮಾಡಿ ಕಾಂಗೊ ಕಾಡಿಗೆ ಓಡಿಹೋಗಿದ್ದ ಇಂಟರಹಾಮ್ವೆ ಬಂಡುಕೋರರು ಗಡಿ ದಾಟಿ ಬುಹೋಮದ ಮೇಲೆ ದಾಳಿ ಮಾಡಿದರು. 8 ವಿದೇಶಿ ಪ್ರವಾಸಿಗರನ್ನ, ಅವರನ್ನ ರಕ್ಷಿಸೋಕೆ ನೋಡಿದ ಉಗಾಂಡದ ವಾರ್ಡನ್ ಒಬ್ಬರನ್ನ ಕೊಂದರು. ಪ್ರವಾಸೋದ್ಯಮ ನೆಲ ಕಚ್ಚಿತು. ಆಮೇಲೆ ಸೈನಿಕರ ಕಾವಲು ಬಂತು, ನಿಧಾನಕ್ಕೆ ಪ್ರವಾಸಿಗರೂ ವಾಪಸ್ ಬಂದರು.

ಮೂರನೇದು ನಮ್ಮ ಕಣ್ಣೆದುರೇ ನಡೆದದ್ದು. 2020ರಲ್ಲಿ ಕೋವಿಡ್ ಬಂದು ವಿಮಾನ ನಿಂತವು. ಗೊರಿಲ್ಲಾ ನೋಡೋರು ಒಬ್ಬರೂ ಇಲ್ಲ. ಲಾಡ್ಜ್ ಕೆಲಸ ಹೋಯ್ತು, ಗಂಟುಮೂಟೆ ಹೊರೋ ಕೆಲಸ ಹೋಯ್ತು, ಕರಕುಶಲ ವಸ್ತು ಮಾರೋ ಅಂಗಡಿ ಮುಚ್ಚಿತು. ಹೊಟ್ಟೆ ಮಾತ್ರ ಲಾಕ್‌ಡೌನ್ ಆಗಲಿಲ್ಲ. ಮಾಂಸಕ್ಕಾಗಿ ಜನ ಮತ್ತೆ ಕಾಡಿಗೆ ನುಗ್ಗಿದರು. ಜೂನ್‌ನಲ್ಲಿ ನ್ಕುರಿಂಗೊ ಗುಂಪಿನ ಯಜಮಾನ ರಫೀಕಿ ಸತ್ತು ಬಿದ್ದಿದ್ದು ಸಿಕ್ಕಿತು, ಹೊಟ್ಟೆಗೆ ಈಟಿ ಇರಿತ. ಸಿಕ್ಕಿಬಿದ್ದವನು ಹತ್ತಿರದ ಹಳ್ಳಿಯವನೇ. ಸಣ್ಣಪುಟ್ಟ ಪ್ರಾಣಿ ಬೇಟೆಗೆ ಹೋಗಿದ್ದೆ, ಗೊರಿಲ್ಲಾ ಮೇಲೆ ಬಂತು, ಚುಚ್ಚಿದೆ ಅಂದ. ಕೋರ್ಟು 11 ವರ್ಷ ಜೈಲು ಕೊಟ್ಟಿತು. ಸ್ವಾಹಿಲಿಯಲ್ಲಿ ರಫೀಕಿ ಅಂದ್ರೆ ಸ್ನೇಹಿತ. ಮನುಷ್ಯರನ್ನ ಕಂಡರೆ ದೂರ ಸರಿಯಬೇಕು ಅನ್ನೋದನ್ನ ರಫೀಕಿಗೆ ನಾವೇ ಮರೆಸಿದ್ವಿ.

ಹಾಗಾದರೆ ಭಯ ಬಿಡಿಸಿದ್ದು ತಪ್ಪಾ?

ಅಷ್ಟು ಸುಲಭಕ್ಕೆ ಹೇಳೋಕಾಗಲ್ಲ. ಅಂಕಿ ನೋಡಿ. ಬ್ವಿಂಡಿಯಲ್ಲಿ 2006ರ ಗಣತಿಯಲ್ಲಿ 302 ಗೊರಿಲ್ಲಾ. 2011ರಲ್ಲಿ 400. 2018ರಲ್ಲಿ, ಗಡಿಯಾಚೆಯ ಸರಾಂಬ್ವೆ ಕಾಡೂ ಸೇರಿ, 459. ಒಂದು ಮಾತು ಸೇರಿಸ್ಬೇಕು: ಹುಡುಕೋ ಕ್ರಮ ಸುಧಾರಿಸಿದ್ದರಿಂದಲೂ ಅಂಕಿ ಸ್ವಲ್ಪ ಏರಿರಬಹುದು. ಗೂಡಿನ ಲದ್ದಿಯಿಂದ ಡಿಎನ್ಎ ತೆಗೆದು, ಯಾವುದನ್ನೂ ಎರಡು ಸಲ ಎಣಿಸದ ಹಾಗೆ ಮಾಡೋ ವಿಧಾನ ಇದು. ವಿರುಂಗದಲ್ಲೂ 2015-16ರ ಗಣತಿಗೆ 604 ಸಿಕ್ಕವು. ಎರಡೂ ಸೇರಿದರೆ 1063. 2018ರಲ್ಲಿ ಐಯುಸಿಎನ್ ಬೆಟ್ಟದ ಗೊರಿಲ್ಲಾವನ್ನ 'ತೀವ್ರ ಅಪಾಯದ ಅಂಚಿನ' ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿತು. ಅಪಾಯ ಇನ್ನೂ ಇದೆ, ಮೊದಲಿನಷ್ಟಿಲ್ಲ.

ಇನ್ನೊಂದು ಸಾಕ್ಷಿ ಇದೆ. ವಿರುಂಗದ 1967ರಿಂದ 2008ರವರೆಗಿನ ಲೆಕ್ಕ ತೆಗೆದು 2011ರಲ್ಲಿ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಭಯ ಬಿಡಿಸಿದ, ದಿನಾ ಟ್ರ್ಯಾಕರ್‌ಗಳು ನೋಡ್ಕೊಳ್ಳೋ ಗುಂಪುಗಳು ವರ್ಷಕ್ಕೆ ಸುಮಾರು 4 ಶೇಕಡಾ ಬೆಳೆದಿದ್ದವು. ಭಯ ಉಳಿಸ್ಕೊಂಡು ತಮ್ಮ ಪಾಡಿಗೆ ತಾವಿದ್ದ ಗುಂಪುಗಳು ಸ್ವಲ್ಪ ಸ್ವಲ್ಪವೇ ಕಮ್ಮಿ ಆಗ್ತಿದ್ದವು. ಯಾಕೆ? ದಿನಾ ನೋಡೋರಿದ್ದರೆ ಕೈಗೆ ಸಿಕ್ಕಿಹಾಕಿಕೊಂಡ ಉರುಳು ಅವತ್ತೇ ಕಾಣುತ್ತೆ, ಪಶುವೈದ್ಯರು ಬಂದು ಬಿಡಿಸ್ತಾರೆ. ಕೆಮ್ಮು ಬಂದರೆ ಗೊತ್ತಾಗುತ್ತೆ. ಕಳ್ಳಬೇಟೆಗಾರ ಆ ಕಡೆ ಬರೋಕೆ ಹಿಂಜರೀತಾನೆ.

ಅಂದ್ರೆ ಈ ಕಾಡುಗಳಲ್ಲಿ ಗೊರಿಲ್ಲಾಗೆ ಅದರ ಭಯ ಒಂದೇ ಸಾಕಾಗ್ತಿರಲಿಲ್ಲ. ಬದಲಿಗೆ ದಿನಾ ಬೆಳಗ್ಗೆ ಹಿಂದೆ ನಡೆಯೋ ಮನುಷ್ಯ ಬೇಕಾಗಿತ್ತು. ಭಯ ಬಿಡಿಸಿದ್ದರ ಮೇಲೆ ನನಗೆ ತಕರಾರಿಲ್ಲ. ನನ್ನ ತಕರಾರು ಆ ಮನುಷ್ಯನ ಸಂಬಳ, ಆ ಹೊಲದವನ ನಷ್ಟ ಯಾವ ಖಾತೆಯಿಂದ ಹೋಗುತ್ತೆ ಅನ್ನೋದರ ಮೇಲೆ.

800 ಡಾಲರ್ ಎಲ್ಲಿಗೆ ಹೋಗುತ್ತೆ

ಉಗಾಂಡದ 1996ರ ವನ್ಯಜೀವಿ ಕಾನೂನಿನಲ್ಲಿ ಉದ್ಯಾನದ ಪ್ರವೇಶ ಶುಲ್ಕದಲ್ಲಿ 20 ಶೇಕಡಾ ಸುತ್ತಲಿನ ಸಮುದಾಯಕ್ಕೆ ಅಂತ ಇತ್ತು. ಕೇಳೋಕೆ ಚೆನ್ನಾಗಿದೆ. ಆದರೆ ಗೊರಿಲ್ಲಾ ಪರ್ಮಿಟ್ ಅನ್ನೋದು ಪ್ರವೇಶ ಶುಲ್ಕ ಅಲ್ಲ, ಬೇರೆ ಬಾಬ್ತು. ಅದರಿಂದ ಹಳ್ಳಿಗೆ ಹೋಗೋಕೆ ಗೊರಿಲ್ಲಾ ಲೆವಿ ಅಂತ ಪ್ರತ್ಯೇಕ ಮಾಡಿದರು. ಒಂದು ಪರ್ಮಿಟ್‌ಗೆ ಮೊದಲು 5 ಡಾಲರ್, ಆಮೇಲೆ 10 ಡಾಲರ್. 800ರಲ್ಲಿ 10. ಕ್ಯಾಲ್ಕ್ಯುಲೇಟರ್ ತೆಗೀಬೇಡಿ, ನಾನೇ ಹೇಳ್ತೀನಿ: ಒಂದೂಕಾಲು ಶೇಕಡಾ.

ಉಳಿದದ್ದು ವ್ಯರ್ಥ ಆಗುತ್ತೆ ಅಂತ ನಾನು ಹೇಳ್ತಿಲ್ಲ. ರೇಂಜರ್‌ಗಳ ಸಂಬಳ, ಟ್ರ್ಯಾಕರ್‌ಗಳ ಸಂಬಳ ಅದರಿಂದಲೇ. ಪ್ರವಾಸಿಗರೇ ಹೆಚ್ಚು ಬಾರದ ಉಗಾಂಡದ ಬೇರೆ ಉದ್ಯಾನಗಳು ನಡೆಯೋಕೂ ಗೊರಿಲ್ಲಾ ದುಡ್ಡು ಬೇಕು. ಹಳ್ಳಿಗಳಲ್ಲಿ ಲಾಡ್ಜ್ ಕೆಲಸ, ಶಾಲೆ, ರಸ್ತೆ ಬಂದಿವೆ. ಔಷಧಿ ಬೇರು, ಬುಟ್ಟಿ ಹೆಣೆಯೋ ಬಳ್ಳಿ ತರೋಕೆ, ಜೇನುಪೆಟ್ಟಿಗೆ ಇಡೋಕೆ ಕಾಡಂಚಿನ ಕೆಲವು ಭಾಗಗಳಲ್ಲಿ ಅನುಮತಿಯೂ ಇದೆ. ಆದರೆ ಗೊರಿಲ್ಲಾ ಬಂದು ಬಾಳೆತೋಟ ಮುರಿದ ಮನೆಗೂ, ಲಾಡ್ಜ್‌ನಲ್ಲಿ ಕೆಲಸ ಸಿಕ್ಕ ಮನೆಗೂ ತುಂಬ ಸಲ ಸಂಬಂಧವೇ ಇರೋದಿಲ್ಲ. ಲಾಭದ ಖಾತೆ ಒಬ್ಬರದು, ನಷ್ಟದ ಖಾತೆ ಇನ್ನೊಬ್ಬರದು.

ಖಾತೆಯಲ್ಲಿ ಹೆಸರೇ ಇಲ್ಲದವರು

ಇನ್ನು ಕೆಲವರಿಗೆ ಹೊಲವೂ ಇರಲಿಲ್ಲ. ಅವರು ಬಾಟ್ವಾ ಜನ. ಈ ಕಾಡುಗಳ ಮೂಲ ನಿವಾಸಿಗಳು. ಬೇಟೆ, ಜೇನು, ಗೆಡ್ಡೆಗೆಣಸು ಮೇಲೆ ಬದುಕಿದವರು. ಗೊರಿಲ್ಲಾ ತಿನ್ನೋ ಪದ್ಧತಿ ತಮ್ಮಲ್ಲಿ ಇರಲಿಲ್ಲ ಅಂತ ಅವರ ಹಿರಿಯರು ಹೇಳ್ತಾರೆ. ನಾವು ಆಗಲೇ ಕೇಳಿದ ಆ ಜಾಡು ಹಿಡಿಯೋ ವಿದ್ಯೆ, ಬಾಗಿದ ಗಿಡ ಓದೋದು, ಸುಳಿವಿನ ವಾಸನೆ ಹಿಡಿಯೋದು, ಇವರ ಮನೆ ಪಾಠ.

1991ರಲ್ಲಿ ಬ್ವಿಂಡಿ, ಅದರ ಹತ್ತಿರದ ಮಗಾಹಿಂಗ ಉದ್ಯಾನಗಳಾದಾಗ ಬಾಟ್ವಾಗಳನ್ನ ಹೊರಗೆ ಹಾಕಿದರು. ಹೊಲ ಉತ್ತವರಿಗೆ ಭೂಮಿಯ ಗುರುತಿತ್ತು, ಏನೋ ಒಂದು ಪರಿಹಾರ ಕೇಳೋಕೆ ದಾರಿ ಇತ್ತು. ಬಾಟ್ವಾಗಳಿಗೆ ಕಾಡೇ ಮನೆ, ಅದಕ್ಕೆ ಪಟ್ಟಾ ಯಾರು ಕೊಟ್ಟಿರ್ತಾರೆ? ಕಾಗದ ಇಲ್ಲ, ಹಾಗಾಗಿ ಜಮೀನೂ ಇಲ್ಲ. ಬೇರೆಯವರ ಹೊಲದಂಚಲ್ಲಿ ಗುಡಿಸಲು ಹಾಕ್ಕೊಂಡು, ಕೂಲಿ ಮಾಡ್ಕೊಂಡು, ಭಿಕ್ಷೆ ಬೇಡ್ಕೊಂಡು ಬದುಕೋ ಹಾಗಾಯ್ತು. ಈಗ ಕೆಲವರು ಪ್ರವಾಸಿಗರಿಗೆ 'ನಾವು ಹೀಗೆ ಬೆಂಕಿ ಹೊತ್ತಿಸ್ತಿದ್ವಿ, ಹೀಗೆ ಬೇಟೆ ಆಡ್ತಿದ್ವಿ' ಅಂತ ಅಭಿನಯ ಮಾಡಿ ತೋರಿಸ್ತಾರೆ. ಬದುಕು ಹೋಯ್ತು, ಅದರ ಪ್ರದರ್ಶನ ಉಳೀತು.

ಅವರು ಸುಮ್ಮನೆ ಕೂರಲಿಲ್ಲ. 2013ರಲ್ಲಿ ಉಗಾಂಡದ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. 2021ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಬಾಟ್ವಾಗಳನ್ನ ಸರಿಯಾದ ಪರಿಹಾರ ಇಲ್ಲದೆ ಹೊರಹಾಕಿದ್ದಾರೆ, ತಮ್ಮದೇ ನೆಲದಲ್ಲಿ ಅವರನ್ನ ಅತಿಕ್ರಮಣಕಾರರ ಹಾಗೆ ನಡೆಸಿಕೊಂಡಿದ್ದಾರೆ, ಇದಕ್ಕೆ ಪರಿಹಾರ ಆಗಬೇಕು. ಮೂವತ್ತು ವರ್ಷ ಹಿಡೀತು ಈ ಒಂದು ಸಾಲು ಕಾಗದದ ಮೇಲೆ ಬರೋಕೆ. ತೀರ್ಪು ಬಂದ ದಿನವೇ ಜಮೀನು ಕೈಗೆ ಬರೋದಿಲ್ಲ ಅಂತ ಕೋರ್ಟು ಕಚೇರಿ ಹತ್ತಿದ ಯಾರಿಗಾದರೂ ಗೊತ್ತು. ಆದರೂ ಆ ಬಾಕಿಗೆ ಈಗ ಒಂದು ಅಧಿಕೃತ ದಾಖಲೆ ಇದೆ.

ಇಲ್ಲಿಗೆ ನಮ್ಮ ಲೆಕ್ಕವನ್ನ ಒಟ್ಟು ಮಾಡೋಣ. ಗೊರಿಲ್ಲಾ ಉಳೀತು, ಅದು ಸಣ್ಣ ವಿಷಯ ಅಲ್ಲ. 254ಕ್ಕೆ ಇಳಿದಿದ್ದು 604ಕ್ಕೆ ಏರಿದೆ, 302 ಇದ್ದದ್ದು 459 ಆಗಿದೆ. ಉಳಿಸಿದ್ದು ಮಾರುಕಟ್ಟೆ ಅಂತ ಕೆಲವರು ಹೇಳ್ತಾರೆ, ವಿಜ್ಞಾನ ಅಂತ ಇನ್ನು ಕೆಲವರು. ಎರಡರ ಪಾಲೂ ಇದೆ. ಆದರೆ ದಿನಾ ನಡೆದಿದ್ದು ಹಳ್ಳಿಯ ಟ್ರ್ಯಾಕರ್. ಬೆಳೆ ಕಳ್ಕೊಂಡಿದ್ದು ಕಾಡಂಚಿನ ರೈತ. ಮನೆ ಕಳ್ಕೊಂಡಿದ್ದು ಬಾಟ್ವಾ. ಈ ಮೂವರ ಬಾಕಿ ತೀರಿಸೋದು ಉಪಕಾರ ಅಲ್ಲ, ಗೊರಿಲ್ಲಾ ರಕ್ಷಣೆಯದೇ ಖರ್ಚು. ಪ್ರವಾಸಿಗರು ಬಾರದ ಮೂರೇ ತಿಂಗಳಲ್ಲಿ ಏನಾಯ್ತು ಅಂತ 2020 ತೋರಿಸಿದೆ. ಮುಂದಿನ ಸಲ ವಿಮಾನ ನಿಂತಾಗಲೂ ಕಾಡಂಚಿನ ಮನೆಯಲ್ಲಿ ಒಲೆ ಉರೀಬೇಕು. ಅಷ್ಟಕ್ಕೆ ದುಡ್ಡು ಎತ್ತಿಟ್ಟರೆ ಈಟಿ ಹಿಡಿದು ಒಳಗೆ ಹೋಗೋರು ಕಮ್ಮಿ ಆಗ್ತಾರೆ.

ನಾಳೆ ಬೆಳಗ್ಗೆ ನಾವು ಏಳೋ ಹೊತ್ತಿಗೆ ಬ್ವಿಂಡಿಯ ಟ್ರ್ಯಾಕರ್‌ಗಳು ಹಿಂದಿನ ರಾತ್ರಿಯ ಗೂಡು ಹುಡುಕೋಕೆ ಹೊರಡೋ ತಯಾರಿಯಲ್ಲಿರ್ತಾರೆ. ನಾಡಿದ್ದೂ ಅಷ್ಟೇ. ಈ ಕೆಲಸಕ್ಕೆ ಕೊನೇ ದಿನಾಂಕ ಅಂತ ಇಲ್ಲ.

ಇವತ್ತಿಗೆ ಇಷ್ಟು. ಬಾಟ್ವಾ ತೀರ್ಪಿನ ಬಗ್ಗೆ, ಗೊರಿಲ್ಲಾ ಲೆವಿ ಬಗ್ಗೆ ನಿಮಗೇನನ್ನಿಸ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.